ಸೋತವರ ಹಗ್ಗ

ಪೆಟ್ಟಿಗೆ ತಿರುಗಲಿಲ್ಲ.

“ಎಡಕ್ಕೆ, ಎಡಕ್ಕೆ! ನಿನ್ನ ಎಡಕ್ಕಲ್ಲ ಮಾರಾಯ, ನನ್ನ ಎಡಕ್ಕೆ!” ಮೆಟ್ಟಿಲಿನ ತಿರುವಿನ ಕೆಳಗೆ ನಿಂತು ಸೋದರಮಾವ ಕೂಗುತ್ತಿದ್ದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ ಮೇಲಿನವರು ಒಂದು ಕಡೆ ಎಳೆದರು, ಕೆಳಗಿನವರು ಇನ್ನೊಂದು ಕಡೆ ತಳ್ಳಿದರು. ತಗಡಿನ ಮೂಲೆ ಗೋಡೆಗೆ ಉಜ್ಜಿ ಸುಣ್ಣ ಉದುರಿತು. ಇನ್ನೊಂದು ಮೂಲೆ ಮೆಟ್ಟಿಲಿನ ಕಂಬಿಗೆ ಸಿಕ್ಕಿಕೊಂಡಿತು. ತಲೆಯ ಕಡೆ ಹಿಡಿದಿದ್ದ ಮಗಳಿಗೆ ಒಳಗಿನಿಂದ ಏನೋ ಸರಿದ ಸದ್ದು ಕೇಳಿಸಿತು. ಒಳಗೆ ಇದ್ದದ್ದು ಅಪ್ಪ.

“ನಿಲ್ಲಿಸಿ,” ಅಂದಳು. “ವಾಪಸ್ ಮೇಲಕ್ಕೆ ತನ್ನಿ.”

ಮೂರನೇ ಮಹಡಿಯ ವರಾಂಡಕ್ಕೆ ಮತ್ತೆ ತಂದು ಎರಡು ಸ್ಟೂಲುಗಳ ಮೇಲೆ ಇಟ್ಟಾಗ ಹೊತ್ತವರೆಲ್ಲ ಏದುಸಿರು ಬಿಡುತ್ತಿದ್ದರು. ಬಸ್ ಡಿಪೋದ ಬಾಡಿ ಶೆಡ್ಡಿನ ಹಳಬರು ಅವರು. ಅಪ್ಪನ ಜೊತೆ ಬಸ್ಸುಗಳಿಗೆ ತಗಡು ಹೊದಿಸುತ್ತಲೇ ಬೆನ್ನು ಬಾಗಿಸಿಕೊಂಡವರು. ಪೆಟ್ಟಿಗೆ ಮಾಡಿದ್ದೂ ಅವರೇ. ‘ನಮ್ಮವನಿಗೆ ಅಂಗಡಿ ಪೆಟ್ಟಿಗೆ ಯಾಕೆ’ ಎಂದು ಬಸ್ಸಿನ ಪಕ್ಕೆಗೆ ಹಾಕುವ ತಗಡನ್ನೇ ಬಗ್ಗಿಸಿ, ಒಳಗೆ ಹಲಗೆ ಹೊಡೆದು, ಬಸ್ಸಿನ ನೀಲಿ ಬಣ್ಣವನ್ನೇ ಬಳಿದು ತಂದಿದ್ದರು. ಅಪ್ಪ ಎತ್ತರದ ಆಳು. ಪೆಟ್ಟಿಗೆ ಅದಕ್ಕಿಂತಲೂ ಉದ್ದವಾಗಿತ್ತು. ಬರುವಾಗ ಖಾಲಿಯಿತ್ತು, ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡು ಹತ್ತಿಸಿದರು. ಇಳಿಯುವಾಗ ಹೇಗೆ ಎಂದು ಯಾರೂ ಯೋಚಿಸಿರಲಿಲ್ಲ.

ಸೋದರಮಾವ ಮೇಲೆ ಬಂದು ಹಣೆ ಒರೆಸಿಕೊಂಡರು. “ಇದಕ್ಕೆ ತಲೆ ಕೆಡಿಸ್ಕೊಳ್ಳೋದೇನಿದೆ? ಮುಚ್ಚಳ ತೆಗೀರಿ. ಭಾವನ್ನ ಚಾದರದಲ್ಲಿ ಕೆಳಗಿಳಿಸೋಣ. ಖಾಲಿ ಪೆಟ್ಟಿಗೆ ಹಿಂದೆ ಬರುತ್ತೆ.”

ಅಪ್ಪನ ಜೀವದ ಗೆಳೆಯ, ಎಲ್ಲರೂ ‘ಸುತ್ತಿಗೆ’ ಎಂದು ಕರೆಯುವ ಮುದುಕ, ತನ್ನ ಕಾಲ ಹೆಬ್ಬೆರಳನ್ನು ನೋಡಿಕೊಳ್ಳುತ್ತಿದ್ದ.

“ಮುಚ್ಚಳಕ್ಕೆ ಸ್ಕ್ರೂ ಹಾಕಿಲ್ಲ,” ಅಂದ.

“ಮತ್ತೇನು ಹಾಕಿದ್ದೀರಿ? ಮೊಳೆನಾ?”

“ರಿವೆಟ್.”

ರಿವೆಟ್ ಹೊಡೆದದ್ದನ್ನು ಬಿಚ್ಚುವ ಮಾತೇ ಇಲ್ಲ. ಉಳಿ ಇಟ್ಟು ಕಡಿಯಬೇಕು. ಬೆಳಿಗ್ಗೆ ಟಕಟಕ ಸದ್ದು ಕೇಳಿದಾಗ ಮನೆಯವರೆಲ್ಲ ಮೊಳೆ ಅಂದುಕೊಂಡಿದ್ದರು. ಜೀವಮಾನವೆಲ್ಲ ತಗಡು ಮುಚ್ಚಿದ ಕೈಗಳು, ಅಳುತ್ತಾ ಅಳುತ್ತಾ, ಗೊತ್ತಿದ್ದ ಕೆಲಸವನ್ನು ಗೊತ್ತಿದ್ದ ಹಾಗೆಯೇ ಮಾಡಿ ಮುಗಿಸಿದ್ದವು.

“ಕೈಗೆ ಅಭ್ಯಾಸ,” ಎಂದ ಸುತ್ತಿಗೆ, ಇನ್ನೂ ಮೆಲ್ಲಗೆ. “ಯೋಚನೆ ಮಾಡಲಿಲ್ಲ.”

“ಕಡೀರಿ ಹಾಗಾದ್ರೆ.”

“ಯಾರು ಕಡಿಯೋದು?” ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಬೆಳಗಿನಿಂದ ಅವಳು ಅತ್ತಿರಲಿಲ್ಲ. ಅದೇ ಎಲ್ಲರಿಗೂ ಭಯ. “ಅವನ ಮುಖದ ಮೇಲೆ ಉಳಿ ಇಟ್ಟು ಹೊಡೀತೀರಾ? ಆ ಸದ್ದು ನಾನು ಕೇಳಬೇಕಾ?”

“ಹೋಗಲಿ ಅಕ್ಕ, ತಿರುವಿನಲ್ಲಿ ಮಾತ್ರ ಸ್ವಲ್ಪ ನಿಲ್ಲಿಸಿ...”

“ಬೇಡ. ಮಲಗಿಸಿದ್ದೀನಿ, ಮಲಗೇ ಹೋಗಲಿ. ಒಂದು ಸಲ ಅವನನ್ನ ಎಳೆದಾಡಿದ್ದು ಸಾಕು.”

ಕೆಳಗಿನಿಂದ ವ್ಯಾನಿನ ಹಾರನ್ ಕೇಳಿತು. ಮಣ್ಣು ಮಾಡುವ ಜಾಗದಲ್ಲಿ ಐದಕ್ಕೆ ಗೇಟು ಹಾಕುತ್ತಾರೆ, ಆಮೇಲೆ ನನ್ನನ್ನು ಕೇಳಬೇಡಿ ಎಂದು ಡ್ರೈವರ್ ಬಂದಾಗಲೇ ಹೇಳಿದ್ದ. ಬಿಸಿಲು ಆಗಲೇ ವರಾಂಡದ ಅರ್ಧಕ್ಕೆ ಬಂದಿತ್ತು. ಮಗಳು ವರಾಂಡದ ತುದಿಗೆ ಹೋಗಿ ಕಂಬಿಯ ಮೇಲಿಂದ ಕೆಳಗೆ ಇಣುಕಿದಳು. ನೇರ ಕೆಳಗೆ ಖಾಲಿ ಅಂಗಳ, ಅದರಾಚೆ ವ್ಯಾನು. ತಿರುವಿಲ್ಲ, ಮೆಟ್ಟಿಲಿಲ್ಲ. ವಠಾರದವರು ಬೀರುಗಳನ್ನೂ ಮಂಚಗಳನ್ನೂ ಹಾಗೇ ಇಳಿಸುತ್ತಾರೆ.

ಅವಳ ನೋಟ ಎಲ್ಲಿ ಹೋಯಿತೆಂದು ಸುತ್ತಿಗೆಗೆ ತಿಳಿಯಿತು. “ಹಗ್ಗ ಇದೆಯಲ್ಲ ಮಗಳೇ,” ಅಂದ.

ಯಾವ ಹಗ್ಗ ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಅಮ್ಮನ ಮುಖ ನೋಡಿದರು.

*

ಡಿಪೋದಲ್ಲಿ ವರ್ಷಕ್ಕೊಮ್ಮೆ ಹಗ್ಗಜಗ್ಗಾಟ ನಡೆಯುತ್ತಿತ್ತು. ಬಾಡಿ ಶೆಡ್ಡಿಗೂ ಇಂಜಿನ್ ಶೆಡ್ಡಿಗೂ. ಗೆದ್ದವರಿಗೆ ಬೆಳ್ಳಿ ಬಣ್ಣದ ಕಪ್, ಸೋತವರಿಗೆ ಹಗ್ಗ. ಯಾವ ಪುಣ್ಯಾತ್ಮ ಮಾಡಿದ ಕಾನೂನೋ ಏನೋ, ಸೋತವರು ಅಲ್ಲೇ ಗೆದ್ದವರ ಕಣ್ಣೆದುರಿಗೇ ತಿರುಚಿಕೊಂಡ ಹಗ್ಗದ ಮುರಿ ಬಿಡಿಸಿ, ಸುತ್ತಿ, ಹೆಗಲ ಮೇಲೆ ಹೊತ್ತು ಮನೆಗೆ ಒಯ್ಯಬೇಕಿತ್ತು. ವರ್ಷವಿಡೀ ಒಣಗಿಸಿ, ಹುಳ ಹಿಡಿಯದಂತೆ ಜೋಪಾನ ಮಾಡಿ, ಮುಂದಿನ ಸಲ ತರಬೇಕಿತ್ತು.

ಹಾಗಾಗಿ ಹಗ್ಗ ಅಪ್ಪನ ಮಂಚದ ಕೆಳಗೆ ಕಾಯಂ ಆಗಿ ಉಳಿಯಿತು. ಅವನು ತಂಡದ ಕೊನೆಯ ಆಳು, ಹಗ್ಗದ ತುದಿಯನ್ನು ಕಂಕುಳಿಗೆ ಸಿಕ್ಕಿಸಿ ಹಿಮ್ಮಡಿ ಊರುವವನು. ಅದಕ್ಕೇ ‘ಗೂಟ’ ಎಂಬ ಹೆಸರು ಬಿತ್ತು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು. ಬಾಡಿ ಶೆಡ್ಡಿನವರು ಪ್ರತಿ ವರ್ಷ ಸೋಲುತ್ತಿದ್ದರು. ತಗಡು ಹೊಡೆಯುವವರ ತೋಳೆಲ್ಲಿ, ಇಂಜಿನ್ ಎತ್ತುವವರ ತೋಳೆಲ್ಲಿ! ‘ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನು’ ಎಂದು ವಠಾರದವರು ಕಿಚಾಯಿಸಿದರೆ ಅಪ್ಪ ನಿಜವಾಗಿಯೂ ಮೀಸೆ ಸವರಿ ನೋಡಿಕೊಂಡು, “ಇಲ್ಲ ಕಣ್ರೀ, ಸ್ವಲ್ಪ ಆಗಿದೆ,” ಅನ್ನುತ್ತಿದ್ದ.

ಇಂಜಿನ್ ಶೆಡ್ಡಿನ ನಾಯಕನನ್ನು ‘ಗೇರ್‌ಬಾಕ್ಸ್’ ಎನ್ನುತ್ತಿದ್ದರು. ಒಮ್ಮೆ ಬಸ್ಸಿನ ಗೇರ್‌ಬಾಕ್ಸನ್ನು ಒಬ್ಬನೇ ಹೆಗಲ ಮೇಲೆ ಹೊತ್ತು ಅಂಗಳ ದಾಟಿದ್ದನಂತೆ. ಹಗ್ಗದ ಆ ಕಡೆ ಮೊದಲ ಆಳು ಅವನೇ.

ಮಗಳು ಚಿಕ್ಕವಳಿದ್ದಾಗಿನ ಒಂದು ವರ್ಷ ಬಾಡಿ ಶೆಡ್ಡು ಎಂದಿಲ್ಲದಂತೆ ನಿಂತಿತು. ಹಗ್ಗದ ನಡುವಿನ ಕೆಂಪು ಬಟ್ಟೆ ಗೆರೆಯ ಮೇಲೆ ನಡುಗುತ್ತಿತ್ತು. ಗೆದ್ದೇ ಬಿಡುತ್ತೇವೆಂಬ ಆಸೆಯಲ್ಲಿ ಅಪ್ಪ ಒಂದು ತಪ್ಪು ಮಾಡಿದ. ಹಗ್ಗದ ತುದಿಯನ್ನು ಹೆಗಲ ಸುತ್ತ ಸುತ್ತಿ ಗಂಟು ಹಾಕಿಕೊಂಡ. ಅಷ್ಟರಲ್ಲಿ ಮುಂದಿನವನೊಬ್ಬ ಜಾರಿದ. ಅವನ ಹಿಂದಿನವನು ಕೈಬಿಟ್ಟ, ಅವನ ಹಿಂದಿನವನೂ ಬಿಟ್ಟ. ಸೀಟಿ ಊದಿದರು. ಆದರೂ ಹಗ್ಗ ಓಡುತ್ತಲೇ ಇತ್ತು. ಜಲ್ಲಿಕಲ್ಲಿನ ಮೇಲೆ ಅಪ್ಪ ಒಬ್ಬನೇ, ಗಂಟಿಗೆ ಸಿಕ್ಕಿಕೊಂಡು, ಗೆರೆ ದಾಟಿ ಇನ್ನೂ ಅಷ್ಟು ದೂರ ಎಳೆಸಿಕೊಂಡು ಹೋದ. ಎದುರಿಗೆ ಗೇರ್‌ಬಾಕ್ಸ್, ಅಪ್ಪನ ಮುಖವನ್ನೇ ನೋಡುತ್ತಾ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತಿದ್ದ.

ಮಗಳ ಕಣ್ಣನ್ನು ಅಮ್ಮ ಸೆರಗಿನಿಂದ ಮುಚ್ಚಿದಳು. ತನ್ನ ಕಣ್ಣು ಮುಚ್ಚಿಕೊಳ್ಳಲಿಲ್ಲ.

ಅಪ್ಪನ ಬಲಗೈ ಆಮೇಲೆ ಎದೆಗಿಂತ ಮೇಲಕ್ಕೆ ಏಳಲಿಲ್ಲ. ತಗಡಿನ ಕೆಲಸದಿಂದ ತೆಗೆದು ಸ್ಟೋರಿನಲ್ಲಿ ಬೋಲ್ಟು ನಟ್ಟು ಎಣಿಸಿಕೊಡಲು ಕೂರಿಸಿದರು. ಗೇರ್‌ಬಾಕ್ಸ್ ಒಂದು ಸಂಜೆ ಹಣ್ಣು ಹಿಡಿದುಕೊಂಡು ಬಂದಿದ್ದ. ಅಮ್ಮ ಬಾಗಿಲು ಹಾಕಿದಳು. ಇಷ್ಟು ವರ್ಷವಾದರೂ ಆ ಬಾಗಿಲು ಅವನಿಗೆ ತೆರೆದಿರಲಿಲ್ಲ.

*

ಅಮ್ಮ ಒಳಗೆ ಹೋಗಿ, ಮಂಚದ ಕೆಳಗಿನಿಂದ ಹಗ್ಗದ ಸುರುಳಿಯನ್ನು ಕಾಲಿನಿಂದಲೇ ನೂಕಿಕೊಂಡು ಬಂದಳು. ಅದನ್ನು ಅವಳು ಎಂದೂ ಕೈಯಿಂದ ಮುಟ್ಟಿದವಳಲ್ಲ. ಬಟ್ಟೆ ಒಣಗಿಸಲೂ ಬಳಸಿದವಳಲ್ಲ.

“ಹೋಗಲಿ ಇದು ಮೊದಲು ನನ್ನ ಮನೆಯಿಂದ,” ಅಂದಳು. “ಅವನ ಜೊತೆಗೇ ಹೋಗಲಿ.”

ಸುತ್ತಿಗೆ ಹಗ್ಗವನ್ನು ಬೆರಳುಗಳಲ್ಲಿ ಒತ್ತಿ, ಎಳೆ ಬಿಡಿಸಿ, ಮೂಸಿ ನೋಡಿದ. ಒಣಗಿದ ಹುಲ್ಲಿನ ವಾಸನೆ. ಎಲ್ಲಿಯೂ ಒಂದು ಎಳೆ ಕೊಳೆತಿರಲಿಲ್ಲ.

ಆದರೆ ಹಗ್ಗವೊಂದಿದ್ದರೆ ಸಾಲದು, ಕೈ ಬೇಕು. ಮಗಳು ಸುತ್ತ ನೋಡಿದಳು. ಸುತ್ತಿಗೆಗೆ ಮೊಣಕಾಲು ನೋವು. ಶೆಡ್ಡಿನ ಪೇಂಟರನಿಗೆ ಒಂದು ಕಣ್ಣು ಕಾಣಿಸದು. ಇನ್ನುಳಿದ ಇಬ್ಬರು ಈಗಾಗಲೇ ಗೋಡೆಗೆ ಒರಗಿ ಕೂತಿದ್ದರು. ಸೋದರಮಾವನ ಬಲವೆಲ್ಲ ಬಾಯಲ್ಲಿ. ಅವಳು ಛಾಪಖಾನೆಯಲ್ಲಿ ಕಾಗದದ ಕಟ್ಟು ಎತ್ತಿ ಎತ್ತಿ ಗಟ್ಟಿಯಾದವಳು. ಭಾರ ಎಂದರೇನೆಂದು ಅವಳಿಗೆ ಗೊತ್ತಿತ್ತು. ಈ ಕೈಗಳಿಂದ ಈ ಪೆಟ್ಟಿಗೆ ಇಳಿಯುವುದಿಲ್ಲ, ಬೀಳುತ್ತದೆ. ಊರೆಲ್ಲ ನೋಡುತ್ತಿರುವಾಗ ಅಪ್ಪ ಅಂಗಳಕ್ಕೆ ಬೀಳುತ್ತಾನೆ. ಅದನ್ನು ಅಮ್ಮ ನೋಡುತ್ತಾಳೆ, ಮತ್ತೆ ಕಣ್ಣು ಮುಚ್ಚಿಕೊಳ್ಳದೆ.

ರಸ್ತೆಯ ಆಚೆ, ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಮೇಲೆ, ಇಂಜಿನ್ ಶೆಡ್ಡಿನವರು ಬೆಳಗಿನಿಂದ ಕೂತಿದ್ದರು. ಒಳಗೆ ಬರುವ ಧೈರ್ಯವಿಲ್ಲ, ಎದ್ದು ಹೋಗುವ ಮನಸ್ಸಿಲ್ಲ. ನಡುವೆ ಬಿಳಿ ತಲೆಯ ಗೇರ್‌ಬಾಕ್ಸ್.

ಅವಳು ಅಮ್ಮನ ಕಡೆ ನೋಡದೆ ಮೆಟ್ಟಿಲಿಳಿದಳು.

“ಯಜಮಾನ್ರೇ, ಮೇಲೆ ಬರಬೇಕು,” ಅಂದಳು. “ಕಂಬಿ ಬಿಚ್ಚೋಕೆ ಸ್ಪ್ಯಾನರ್ ಬೇಕು. ಹಗ್ಗ ಹಿಡಿಯೋಕೆ ನಿಮ್ಮವರೆಲ್ಲ ಬೇಕು.”

ಗೇರ್‌ಬಾಕ್ಸ್ ಎದ್ದು ನಿಂತ. ಹೆಸರಿಗೆ ತಕ್ಕ ಮೈ ಈಗ ಜೋಲುಬಿದ್ದಿತ್ತು, ಆದರೂ ಹೆಗಲ ಅಗಲ ಹಾಗೇ ಇತ್ತು. “ಅಮ್ಮ ಒಪ್ಪಿದ್ರಾ?”

“ಇಲ್ಲ.”

“ಮತ್ತೆ?”

“ಭಾರ ಒಪ್ಪಿಗೆ ಕೇಳಲ್ಲ ಯಜಮಾನ್ರೇ. ಬರ್ತೀರೋ ಇಲ್ವೋ?”

ಅವನು ಅವಳನ್ನು ಒಂದು ಗಳಿಗೆ ದಿಟ್ಟಿಸಿ, “ಥೇಟ್ ಅವನೇ,” ಎಂದು ಗೊಣಗಿ, ಕಟ್ಟೆಯ ಮೇಲಿದ್ದವರಿಗೆ ತಲೆಯಾಡಿಸಿದ.

ಮೇಲೆ ಅಮ್ಮ ಅವರೆಲ್ಲ ಬರುವುದನ್ನು ಬಾಗಿಲಲ್ಲೇ ನಿಂತು ನೋಡಿದಳು. ಬೈಯಲಿಲ್ಲ, ದಾರಿಯನ್ನೂ ಬಿಡಲಿಲ್ಲ. ಅವರೇ ಗೋಡೆಗೆ ಮೈ ಒತ್ತಿಕೊಂಡು ದಾಟಿದರು. ವರಾಂಡದ ತುದಿಯ ಕಂಬಿಯ ಬೋಲ್ಟುಗಳು ತುಕ್ಕು ಹಿಡಿದು ಕಲ್ಲಾಗಿದ್ದವು. ಗೇರ್‌ಬಾಕ್ಸ್ ಮಂಡಿಯೂರಿ, ಸ್ಪ್ಯಾನರಿಗೆ ಎದೆ ಕೊಟ್ಟು, ಒಂದೊಂದನ್ನೇ ಅಲುಗಿಸಿದ. ಕಂಬಿ ಕಳಚಿತು. ಈಗ ಅಲ್ಲಿ ಬರೀ ಬಯಲು.

ಅವನು ಎದ್ದು ಪ್ಯಾಂಟಿಗೆ ಕೈ ಒರೆಸಿಕೊಳ್ಳುತ್ತಿರುವಾಗ ಅಮ್ಮ ಎದುರಿಗೆ ಬಂದು ನಿಂತಳು.

“ಆವತ್ತು ಸೀಟಿ ಊದಿದ್ದು ನಿನಗೆ ಕೇಳಿಸಿತ್ತಾ?”

ಸೋದರಮಾವ, “ಅಕ್ಕ, ಈಗ ಯಾಕೆ ಅದೆಲ್ಲ...” ಎಂದು ಶುರುಮಾಡಿದರು. ಅಮ್ಮ ಕೈಯೆತ್ತಿದಳು.

“ಕೇಳಿಸಿತ್ತಮ್ಮ,” ಅಂದ ಗೇರ್‌ಬಾಕ್ಸ್.

“ಮತ್ತೆ ಯಾಕೆ ಎಳೆದೆ?”

ಅವನು ತಪ್ಪಿಸಿಕೊಳ್ಳಲಿಲ್ಲ. “ಗೆದ್ದಾಗಿತ್ತು. ಆದ್ರೆ ಅವನು ಬಿಟ್ಟಿರಲಿಲ್ಲ. ಅವನು ಕೈಬಿಡೋದನ್ನ ನೋಡಬೇಕಿತ್ತು ನನಗೆ.”

“ಗಂಟು ಹಾಕ್ಕೊಂಡಿದ್ದ ಕಣೋ ಅವನು!”

“ಗಂಟು ದಾರಿಯಲ್ಲೇ ಬಿಚ್ಚಿಹೋಗಿತ್ತಮ್ಮ. ನಾನು ಎದುರಿಗೇ ಇದ್ನಲ್ಲ. ಆಮೇಲೆ ಅವನು ಕೈಯಲ್ಲೇ ಹಿಡ್ಕೊಂಡಿದ್ದ.”

ಇದು ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಯಾವತ್ತೂ ಹೇಳಿರಲಿಲ್ಲ; ಗಂಟು ಹಾಕಿಕೊಂಡದ್ದು ತಪ್ಪಾಯಿತು ಎಂದಷ್ಟೇ ಹೇಳುತ್ತಿದ್ದ. ಅಮ್ಮ ಪೆಟ್ಟಿಗೆಯ ಕಡೆ ತಿರುಗಿದಳು. “ಹುಚ್ಚು ಮುಂಡೇದು,” ಅಂದಳು, ಅದಕ್ಕೇ ಹೇಳುವಂತೆ. ಬೆಳಗಿನಿಂದ ಬಾರದ ನೀರು ಆಗ ಅವಳ ಕಣ್ಣಿಗೆ ಬಂತು. ಒರೆಸಿಕೊಂಡು ಗೇರ್‌ಬಾಕ್ಸಿನ ಕಡೆ ನೋಡಿದಳು.

“ಹೋಗಿ ಹಿಡ್ಕೋ. ಇವತ್ತು ನಾನು ಹೇಳೋವರೆಗೂ ಬಿಡಕೂಡದು. ಸೀಟಿ ಗೀಟಿ ಏನೂ ಇಲ್ಲ.”

*

ಕೈ ಹೋದ ಮೇಲೆ ಅಪ್ಪ ಸಂಜೆ ಹೊತ್ತು ಇದೇ ವರಾಂಡದಲ್ಲಿ ಹಗ್ಗ ಹಿಡಿದು ಕೂರುತ್ತಿದ್ದ. ಮಳೆನೀರು ಒಳಗೆ ಹರಿಯದಂತೆ ನೆಲಕ್ಕೆ ಅಡ್ಡಲಾಗಿ ಕಟ್ಟಿದ ಒಂದು ದಿಂಡು ಇತ್ತು. ಅದಕ್ಕೆ ಹಿಮ್ಮಡಿ ಕೊಟ್ಟು, ಹಗ್ಗವನ್ನು ಎಡಗಂಕುಳಿಗೆ ಬದಲಾಯಿಸಿಕೊಂಡು, ಇನ್ನೊಂದು ತುದಿಯನ್ನು ಕಂಬಕ್ಕೆ ಕಟ್ಟಿ ಎಳೆಯುತ್ತಿದ್ದ. ಕಂಬದ ಜೊತೆ ಎಷ್ಟು ದಿನ ಆಡುವುದು? ಮಗಳನ್ನು ಕರೆದ.

“ತೋಳಲ್ಲಿ ಎಳೀಬೇಡ್ವೇ. ತೋಳು ಮೋಸ ಮಾಡುತ್ತೆ. ಹಿಮ್ಮಡಿ ಮೇಲೆ ಕೂತ್ಕೋ.”

“ಕೂತ್ರೆ ಗೆಲ್ಲೋದು ಹೇಗಪ್ಪ?”

“ಗೆಲ್ಲೋದು ಆಮೇಲೆ. ಮೊದಲು ಸೋಲದೇ ಇರೋದು ಕಲಿ. ಮತ್ತೆ, ಯಾವತ್ತೂ ಮೈಗೆ ಕಟ್ಕೋಬೇಡ. ಕೈಗೆ ಹಿಡಿಯೋಕೆ ಬಿಡು, ಅದೂ ಕಲಿಯಲಿ.”

ಭಾನುವಾರಗಳಲ್ಲಿ ಬಾಡಿ ಶೆಡ್ಡಿನವರೆಲ್ಲ ಬಂದು ಸಾಲಾಗಿ ನಿಲ್ಲುತ್ತಿದ್ದರು. ಅಪ್ಪ, “ಕೂತ್ಕೊಳ್ರೋ!” ಎಂದು ಕೂಗಿದ ಕೂಡಲೇ ಎಲ್ಲರೂ ಒಟ್ಟಿಗೆ ಹಿಮ್ಮಡಿಯ ಮೇಲೆ ಕುಸಿದು ಕಲ್ಲಾಗಬೇಕು. ಅಮ್ಮ ಒಳಗಿನಿಂದ ಪಾತ್ರೆ ಕುಕ್ಕಿ ತನ್ನ ಅಭಿಪ್ರಾಯ ತಿಳಿಸುತ್ತಿದ್ದಳು. ಅವನು ಮತ್ತೆ ಪಂದ್ಯಕ್ಕೆ ನಿಲ್ಲುತ್ತಾನೆಂದು ಗೊತ್ತಾದಾಗ ಮಾತು ಬಿಟ್ಟಳು. ನೋಡಲು ಮತ್ತೆಂದೂ ಹೋಗಲಿಲ್ಲ.

ವರ್ಷ ವರ್ಷವೂ ಸೋತರು, ಆದರೆ ಪ್ರತಿ ಸಲ ಸೋಲಲು ಇನ್ನಷ್ಟು ಹೊತ್ತು ಹಿಡಿಯುತ್ತಿತ್ತು. ಕೊನೆಯ ಪಂದ್ಯದ ಹೊತ್ತಿಗೆ ಮಗಳು ಎದೆಯೆತ್ತರ ಬೆಳೆದಿದ್ದಳು. ಅಂದು ಕೆಂಪು ಬಟ್ಟೆ ಗೆರೆಯ ಮೇಲೆ ನಿಂತದ್ದು ನಿಂತೇ ಇತ್ತು. ಇಂಜಿನ್ ಶೆಡ್ಡಿನವರು ಎಳೆದರು, ಬೈದರು, ದೇವರನ್ನು ಕರೆದರು. ಇತ್ತ ಕಡೆ ಎಲ್ಲರೂ ಕೂತಿದ್ದರು. ನೋಡುವವರ ಕತ್ತು ನೋಯಿತು, ಬೆಳಕು ಹೋಯಿತು, ಬಟ್ಟೆ ಕದಲಲಿಲ್ಲ. ಕೊನೆಗೆ ಮ್ಯಾನೇಜರು ಬೇಸತ್ತು ನಾಣ್ಯ ಚಿಮ್ಮಿದರು. ಇಂಜಿನ್ ಶೆಡ್ಡಿಗೆ ಬಿತ್ತು. ಗೇರ್‌ಬಾಕ್ಸ್ ಕಪ್ ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ ಹೋದ.

ಅಪ್ಪ ಎಂದಿನಂತೆ ಹಗ್ಗ ಸುತ್ತಲು ಕೂತ.

“ನಾವು ಸೋತಿಲ್ಲ ತಾನೆ ಅಪ್ಪ? ಮತ್ತೆ ನಾವ್ಯಾಕೆ ಸುತ್ತಬೇಕು?” ಅವಳಿಗೆ ಸಿಟ್ಟಿನಿಂದ ಅಳು ಬಂದಿತ್ತು.

“ಸೋತಿಲ್ಲ,” ಅಪ್ಪನ ಮುಖದಲ್ಲಿ ಅವಳು ಎಂದೂ ಕಾಣದ ಒಂದು ಸಮಾಧಾನವಿತ್ತು. “ಆದ್ರೆ ಅವರ ಕೈಗೆ ಕೊಟ್ಟರೆ ಹಗ್ಗ ಹಾಳಾಗುತ್ತೆ. ಪಾಪ, ಸುತ್ತೋಕೆ ಬರಲ್ಲ ಅವರಿಗೆ.”

ಮರುವರ್ಷ ಡಿಪೋದವರು ಪಂದ್ಯವನ್ನೇ ನಿಲ್ಲಿಸಿದರು.

*

ಪೆಟ್ಟಿಗೆಯ ಎರಡು ತುದಿಗೂ ಕಟ್ಟಿದ ಹಗ್ಗ ನಡುವೆ ಒಂದಾಗಿ, ವರಾಂಡದ ಅಂಚಿಗೆ ಹಾಸಿದ ಹಳೆಯ ಟಯರಿನ ಮೇಲೆ ಹಾದು, ಉದ್ದಕ್ಕೆ ಹಿಂದೆ ಬಂದಿತ್ತು. ಎರಡೂ ಶೆಡ್ಡಿನವರು ಬೆರೆತು ಒಂದೇ ಸಾಲಾಗಿ ನಿಂತರು. ಅಂಥದ್ದನ್ನು ಆ ಹಗ್ಗ ಹಿಂದೆಂದೂ ಕಂಡಿರಲಿಲ್ಲ. ಮುಂದೆ ಸುತ್ತಿಗೆ. ಕೊನೆಯಿಂದ ಎರಡನೆಯವನು ಗೇರ್‌ಬಾಕ್ಸ್. ಕೊನೆಯ ಜಾಗ ಖಾಲಿಯಿತ್ತು.

“ಯಾರು ನಿಲ್ತೀರಿ ಅಲ್ಲಿ?” ಎಂದು ಸುತ್ತಿಗೆ ಕೇಳಿದ. ಯಾರಿಗೂ ನಿಲ್ಲುವ ಮನಸ್ಸಾಗಲಿಲ್ಲ.

ಮಗಳು ಚಪ್ಪಲಿ ಬಿಟ್ಟು, ದಿಂಡಿಗೆ ಹಿಮ್ಮಡಿ ಕೊಟ್ಟಳು. ಹಗ್ಗವನ್ನು ಎಡಗಂಕುಳಿಗೆ ಸಿಕ್ಕಿಸಿದಳು. ಸಿಮೆಂಟಿನಲ್ಲಿ ಅಲ್ಲಿ ಎರಡು ನುಣುಪಾದ ತಗ್ಗುಗಳಿದ್ದವು. ಅವಳ ಹಿಮ್ಮಡಿಗಳು ಅವುಗಳಲ್ಲಿ ಕೂತವು. ಗೇರ್‌ಬಾಕ್ಸ್ ಹಿಂತಿರುಗಿ ನೋಡಿದ.

“ಕಟ್ಕೋಬೇಡ ಮಗಳೇ,” ಅಂದ.

“ಗೊತ್ತು,” ಅಂದಳು.

ಅಂಚಿನಲ್ಲಿ ನಿಂತು ಕೆಳಗೆ ನೋಡುತ್ತಾ ಹೇಳುವವರು ಒಬ್ಬರು ಬೇಕಿತ್ತು. ಸೋದರಮಾವ ಅಂಗಳದಲ್ಲಿ ಪೆಟ್ಟಿಗೆ ಹಿಡಿಯಲು ಹೋಗಿದ್ದರು. ಅಮ್ಮ ಸೆರಗು ಸಿಕ್ಕಿಸಿಕೊಂಡು ಬಂದು, ಬಯಲಿನ ಪಕ್ಕದ ಕಂಬ ಹಿಡಿದು ನಿಂತಳು. ಪೆಟ್ಟಿಗೆಯನ್ನು ಅಂಚಿನಾಚೆ ಸರಿಸಿದರು. ಭಾರ ಹಗ್ಗಕ್ಕೆ ಬಂತು. ಹಗ್ಗ ಕಿರ್ ಎಂದು ನರಳಿ ಬಿಗಿಯಿತು. ಮಗಳ ಕಂಕುಳಿಗೆ ಬಿಸಿ ತಾಕಿತು.

“ಬಿಡಿ,” ಅಂದಳು ಅಮ್ಮ. ಒಂದು ಗೇಣು ಹೋಯಿತು. “ಹಿಡಿ.” ನಿಂತಿತು. “ಬಿಡಿ.”

ಮಗಳಿಗೆ ಕೆಳಗಿನದೇನೂ ಕಾಣುತ್ತಿರಲಿಲ್ಲ. ಗೇರ್‌ಬಾಕ್ಸಿನ ಬೆವೆತ ಅಂಗಿ, ಅವನಾಚೆ ಬಾಗಿದ ಬೆನ್ನುಗಳು, ಕೊನೆಗೆ ಅಮ್ಮನ ಮುಖದ ಒಂದು ಪಕ್ಕ. ಅಮ್ಮನ ದನಿಯಲ್ಲಿ ನಡುಕವಿರಲಿಲ್ಲ. ಪಾತ್ರೆ ಕುಕ್ಕುತ್ತಾ ಇಷ್ಟೆಲ್ಲ ಕೇಳಿಸಿಕೊಂಡಿದ್ದಳೇ ಎಂದು ಮಗಳಿಗೆ ಆಶ್ಚರ್ಯವಾಯಿತು.

ಎರಡನೇ ಮಹಡಿಯ ಕಿಟಕಿಯ ಸಜ್ಜೆಗೆ ಪೆಟ್ಟಿಗೆಯ ಮೂಲೆ ತಾಕಿ ಕೂತಿತು. ಹಗ್ಗ ಸಡಿಲಾಯಿತು. ಭಾರ ಹೋಯಿತೆಂದು ಕೆಲವರು ಉಸಿರು ಬಿಟ್ಟರು, ಪೇಂಟರ್ ಕೈ ಬದಲಾಯಿಸಿದ. ಅದೇ ಗಳಿಗೆಯಲ್ಲಿ ಸಜ್ಜೆಯ ಅಂಚು ಕಳಚಿ, ಪೆಟ್ಟಿಗೆ ಜಾರಿ, ಅಷ್ಟೂ ಭಾರ ಒಮ್ಮೆಲೇ ಬಂದು ಬಡಿಯಿತು.

ಸುತ್ತಿಗೆ ಮುಗ್ಗರಿಸಿದ. ಅವನ ಹಿಂದಿನವನು ಅವನ ಮೇಲೆ ಬಿದ್ದ. ಕೈಗಳು ಒಂದೊಂದಾಗಿ ಬಿಟ್ಟುಕೊಂಡವು. ಮಗಳು ಚಿಕ್ಕಂದಿನಲ್ಲಿ ಕಂಡದ್ದೇ ಮತ್ತೆ ಕಣ್ಣೆದುರು ನಡೆಯುತ್ತಿತ್ತು. ಹಗ್ಗ ಅವಳ ಅಂಗೈಯನ್ನು ಸುಡುತ್ತಾ ಓಡತೊಡಗಿತು. ಅಂಗಳದಿಂದ ಯಾರೋ ಚೀರಿದರು.

“ಕೂತ್ಕೊಳ್ರೋ!”

ಅಪ್ಪನ ಮಾತು, ಅಮ್ಮನ ದನಿ. ವಠಾರವೇ ಬೆಚ್ಚಿಬೀಳುವಂಥ ಕೂಗು.

ಮಗಳು ಕೂತಳು. ಹಿಮ್ಮಡಿಗಳು ತಗ್ಗಿನಲ್ಲಿ ಕಚ್ಚಿಕೊಂಡವು. ಹೆಗಲ ಕೀಲು ಕಿತ್ತುಬರುವಂತೆ ನೋಯಿತು. ಬಿಟ್ಟರೆ ನೋವು ಹೋಗುತ್ತದೆ ಎಂಬುದು ಅವಳಿಗೆ ಬಹಳ ಸ್ಪಷ್ಟವಾಗಿ ತಿಳಿದಿತ್ತು. ಅಪ್ಪನಿಗೂ ಅಂದು ಇಷ್ಟೇ ಸ್ಪಷ್ಟವಾಗಿ ತಿಳಿದಿದ್ದಿರಬೇಕು. ಅವಳ ಮುಂದೆ ಗೇರ್‌ಬಾಕ್ಸ್ ಹಲ್ಲು ಕಚ್ಚಿ ಕುಸಿದು ಕೂತಿದ್ದ. ಅವನ ಬೆನ್ನು ಅವಳ ಮೊಣಕಾಲಿಗೆ ಒತ್ತಿ ಗಡಗಡ ನಡುಗುತ್ತಿತ್ತು. ಇಬ್ಬರ ನಡುವೆ ಹಗ್ಗ ಓಡುವುದನ್ನು ನಿಲ್ಲಿಸಿತು.

“ಏಳಿ, ಹಿಡ್ಕೊಳ್ಳಿ,” ಅಂದಳು ಅಮ್ಮ ಬಿದ್ದವರಿಗೆ, ಕೆಳಗಿನ ಪೆಟ್ಟಿಗೆಯಿಂದ ಕಣ್ಣು ತೆಗೆಯದೆ. ಬಿದ್ದವರು ಎದ್ದರು, ಕೈಗಳು ಮತ್ತೆ ಹಗ್ಗಕ್ಕೆ ಬಂದವು. ಭಾರ ಹಂಚಿಕೊಂಡಿತು. “ಬಿಡಿ. ಹಿಡಿ. ಬಿಡಿ.”

ಹಾಗೆ ಬಹಳ ಹೊತ್ತು. ಆಮೇಲೆ ಕೆಳಗಿನಿಂದ ಸೋದರಮಾವನ ಒಡೆದ ದನಿ, “ಬಂತು! ಬಂದ್ರು! ಭಾವ ಬಂದ್ರು!” ಎಂದು ಕೂಗಿತು. ಹಗ್ಗ ಸಡಿಲಾಯಿತು. ಆದರೂ ಯಾರೂ ಕೈ ಬಿಡಲಿಲ್ಲ. ಎಲ್ಲರೂ ಅಮ್ಮನನ್ನೇ ನೋಡುತ್ತಿದ್ದರು. ಅವಳು ಅಂಗಳದಲ್ಲಿ ಪೆಟ್ಟಿಗೆ ಅಲುಗದೆ ಕೂತದ್ದನ್ನು ಕಣ್ತುಂಬ ನೋಡಿ, ಆಮೇಲೆ ತಿರುಗಿದಳು.

“ಸಾಕು,” ಅಂದಳು. “ಬಿಡ್ರಪ್ಪ ಇನ್ನು.”

ಗೇರ್‌ಬಾಕ್ಸ್ ಮಾತ್ರ ಬೆರಳು ಬಿಡಿಸಲಾರದೆ ಕೂತಿದ್ದ. ಮಗಳು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ಕೆಳಗಿನವರು ಬಿಚ್ಚಿಕೊಟ್ಟ ಹಗ್ಗವನ್ನು ಗೇರ್‌ಬಾಕ್ಸ್ ಮೇಲಕ್ಕೆ ಎಳೆದುಕೊಂಡ. ಪೆಟ್ಟಿಗೆಯನ್ನು ವ್ಯಾನಿಗೆ ಏರಿಸಿದರು. ತಗಡಿನಲ್ಲಿ ಒಂದು ತಗ್ಗು ಬಿದ್ದಿತ್ತು, ನೀಲಿ ಬಣ್ಣ ಒಂದು ಕಡೆ ಕೆತ್ತಿಹೋಗಿತ್ತು. ಒಂದು ರಿವೆಟ್ ಕೂಡ ಹಾರಿರಲಿಲ್ಲ. ಸುತ್ತಿಗೆ ಅದನ್ನು ಸವರಿ, “ನೋಡಿದ್ರಾ, ಸ್ಕ್ರೂ ಹಾಕಿದ್ರೆ ಏನಾಗ್ತಿತ್ತು?” ಎಂದು ಸೋದರಮಾವನಿಗೆ ಹೇಳಿದ. ಸೋದರಮಾವ ಅವನ ಹೆಗಲ ಮೇಲೆ ಕೈ ಹಾಕಿದರು.

ಡ್ರೈವರ್ ಮತ್ತೆ ಹಾರನ್ ಒತ್ತಿದ. “ಅಮ್ಮನ್ನ ಕರೀರಿ ಬೇಗ, ಗೇಟ್ ಹಾಕಿಬಿಡ್ತಾರೆ!”

ಮಗಳು ಸುಟ್ಟ ಅಂಗೈಗಳನ್ನು ಎದೆಗೊತ್ತಿಕೊಂಡು ಮೆಟ್ಟಿಲು ಹತ್ತಿದಳು. ಸುಣ್ಣ ಉದುರಿದ ತಿರುವಿನಲ್ಲಿ, ಮೇಲಿನ ಮಾತು ಕೇಳಿಸಿ ನಿಂತಳು.

ವರಾಂಡದಲ್ಲಿ ಇಬ್ಬರೇ ಇದ್ದರು. ಗೇರ್‌ಬಾಕ್ಸ್ ನೆಲದ ಮೇಲೆ ಕಾಲು ಚಾಚಿ ಕೂತು ಹಗ್ಗ ಸುತ್ತುತ್ತಿದ್ದ. ಸುತ್ತಿದಷ್ಟೂ ಅದು ಮುರಿ ಬಿದ್ದು ಮೇಲೇಳುತ್ತಿತ್ತು, ಅವನು ಅದನ್ನು ಮಂಡಿಯಿಂದ ಅದುಮುತ್ತಿದ್ದ, ಅದು ಇನ್ನೊಂದು ಕಡೆ ಏಳುತ್ತಿತ್ತು. ಮನೆಯ ಬೀಗ ಕೈಯಲ್ಲಿ ಹಿಡಿದು ಅಮ್ಮ ನೋಡುತ್ತಾ ನಿಂತಿದ್ದಳು.

“ನೀನ್ಯಾಕೆ ಸುತ್ತೋದು?” ಅಂದಳು.

“ಇವತ್ತಿನದಲ್ಲಮ್ಮ,” ಅವನು ತಲೆಯೆತ್ತಲಿಲ್ಲ. “ಹಳೇದೊಂದು ಬಾಕಿ ಇತ್ತು. ಕೊನೇ ಪಂದ್ಯದಲ್ಲಿ ನಮ್ಮನ್ನ ಗೆಲ್ಲಿಸಿದ್ದು ಬರೀ ನಾಣ್ಯ.”

ಅಮ್ಮ ಬೀಗವನ್ನು ಕಿಟಕಿಯ ಮೇಲಿಟ್ಟಳು. ಬಾಗಿ, ಹಗ್ಗದ ಈ ತುದಿಯನ್ನು ಕೈಗೆತ್ತಿಕೊಂಡಳು.

“ಹಾಗಲ್ಲ. ಮೊದಲು ಮುರಿ ಬಿಡಿಸಬೇಕು. ಆ ತುದಿ ಹಿಡ್ಕೊಂಡು ಹಿಂದಕ್ಕೆ ಹೋಗು. ಇನ್ನೂ ಹೋಗು. ಹಾಂ.”

ಅವನು ಕಷ್ಟಪಟ್ಟು ಎದ್ದು, ಹಗ್ಗ ಹಿಡಿದು, ಹಿಂದು ಹಿಂದಕ್ಕೆ ನಡೆದು ವರಾಂಡದ ಆ ತುದಿ ಮುಟ್ಟಿದ. ಹಗ್ಗ ನಿಧಾನವಾಗಿ ನೆಲ ಬಿಟ್ಟು ಮೇಲೆದ್ದಿತು.

“ಎಳೀಬೇಡ,” ಅಂದಳು ಅಮ್ಮ. “ಸುಮ್ಮನೆ ಹಿಡ್ಕೋ.”

ಕೆಳಗೆ ಹಾರನ್ ಕೂಗುತ್ತಿತ್ತು. ಇಬ್ಬರ ನಡುವೆ ಹಗ್ಗ ತನ್ನಷ್ಟಕ್ಕೆ ತಿರುಗಿ ತಿರುಗಿ, ಮುರಿ ಬಿಚ್ಚಿಕೊಂಡು, ನೇರವಾಯಿತು.